ಮಜ್ಜಿಗೆಗೆ ಬಿದ್ದ ಪಟ್ಟಿ

ಬಾಯಾರಿದವನಿಗೆ ಮಜ್ಜಿಗೆಯಷ್ಟು ನಿರುಪದ್ರವಿ ವಸ್ತು ಲೋಕದಲ್ಲಿ ಇನ್ನೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತೆಂದು ತಿಳಿದದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ, ನನ್ನ ಸೋದರತ್ತೆ ಗಂಗತ್ತೆಯ ದೆಸೆಯಿಂದ.

ಕುಮಟೆಯಲ್ಲಿ ಬಂದರಿಗೆ ಹೋಗುವ ದಾರಿಯ ಬದಿಗೇ ಅವಳ ಮನೆ. ಗಂಡ ಮೊದಲೇ ಹೋಗಿದ್ದ. ಒಬ್ಬನೇ ಮಗ ವಿಷಮಜ್ವರದಲ್ಲಿ ತೀರಿಕೊಂಡ. ಅಂದಿನಿಂದ ಅವಳು ಮನೆಯ ಎಮ್ಮೆಯ ಹಾಲಿನ ಮಜ್ಜಿಗೆಯನ್ನು ಜಗಲಿಯಲ್ಲಿ ಕೊಡ ತುಂಬ ಇಟ್ಟುಕೊಂಡು, ಉಪ್ಪಿನ ಗಾಡಿ ಹೊಡೆಯುವವರಿಗೆಲ್ಲ ಪುಕ್ಕಟೆ ಹೊಯ್ಯತೊಡಗಿದಳು. ಕರ ವಸೂಲಿಯವರ ಕಣ್ಣಿಗೆ ಆ ಗುಂಪು ಗಿರಾಕಿಗಳಂತೆ ಕಂಡಿತು. ಮನೆಯನ್ನು ಅಂಗಡಿಯೆಂದು ಬರೆದುಕೊಂಡು ಅಂಗಡಿಗೆ ಹಾಕುವ ಕರವನ್ನೇ, ನಮ್ಮ ಕಡೆಯ ಮಾತಿನ ‘ಪಟ್ಟಿ’ಯನ್ನೇ, ಹೇರಿದರು. ತಕರಾರು ಅರ್ಜಿ ಕೊಟ್ಟರೆ ತಳ್ಳಿಹಾಕಿದರು.

"ಕಟ್ಟಿಬಿಡೇ ಅತ್ತೆ, ಪೀಡೆ ಹೋಗ್ಲಿ" ಎಂದು ನಾನು ಶಾಲಾಮಾಸ್ತರನಿಗೆ ಸಹಜವಾದ ಗಾಂಭೀರ್ಯದಿಂದ ಉಪದೇಶಿಸಿದೆ.

"ಕಟ್ಟಿದ್ರೆ ನಾನು ಮಾರಿದ್ದು ಅಂತ ಆಗ್ತದಲ್ಲೋ. ಮಗನ ಹೆಸ್ರಲ್ಲಿ ಕೊಟ್ಟದ್ದು ಅದು."

ಹಾಗಾಗಿ ಹೊನ್ನಾವರದ ಕೋರ್ಟಿಗೆ ಹೋದೆವು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು ಕರ್ಕಿಯ ಹತ್ತಿರ ಉಸಿರು ಬಿಟ್ಟು ನಿಂತಾಗ ಇಳಿದು ತಳ್ಳಿದೆವು. ನ್ಯಾಯವನ್ನರಸುವವರು ಬೆವರು ಸುರಿಸಬೇಕೆಂಬುದು ನನ್ನ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಮಜ್ಜಿಗೆ ಕುಡಿದ ಗಾಡಿಯವರಿಗೂ ಸಾಕ್ಷಿ ಹೇಳಲು ಸಮನ್ಸು ಹೋಗಿತ್ತು. ಕೂಲಿ ಬಿಟ್ಟು ಬಂದು, ವಕೀಲರ ಗದರಿಕೆಗೆ ನಡುಗುತ್ತ, ಅವರು ಇದ್ದದ್ದನ್ನೇ ಹೇಳಿದರು.

"ದುಡ್ಡಿಲ್ಲದೆ ಕೊಟ್ಟು ನಿಮಗೇನು ಲಾಭ?" ಎಂದು ಎದುರು ವಕೀಲರು ಗಂಗತ್ತೆಯನ್ನು ಕೇಳಿದರು.

"ಕುಡಿದವ್ರು ‘ಅಮ್ಮಾ’ ಅಂತ್ರು, ಒಡೆಯಾ. ಮನೇಲಿ ಹಾಗೆ ಕರೆಯೋರು ಈಗ ಯಾರೂ ಇಲ್ಲ."

ಆ ಮನೆ ಅಂಗಡಿಯಲ್ಲವೆಂದು ತೀರ್ಪಾಗಿ ಪಟ್ಟಿ ರದ್ದಾಯಿತು.

ಮರುದಿನ ಅವಳು ಕೊಡ ತುಂಬಿಸಿ ಜಗಲಿಯಲ್ಲಿ ಕೂತಳು. ಗಾಡಿಗಳು ಬಂದವು; ನಿಲ್ಲದೆ ಮುಂದೆ ಹೋದವು. ನಾನು ಅಂಗಳಕ್ಕಿಳಿದು, ದಿನವೂ ಬರುತ್ತಿದ್ದ ಮುದುಕ ನಾಗಪ್ಪನನ್ನು ತಡೆದೆ.

"ಎಂತದ್ರಾ, ಇಂದು ಮಜ್ಜಿಗೆ ಬೇಡ್ವಾ?"

"ಅಮ್ಮನ ಮೇಲೆ ಸಿಟ್ಟಿಲ್ಲ, ಮಾಸ್ತರ್ರೇ. ಇಲ್ಲಿ ಕುಡಿದ್ರೆ ಮತ್ತೆ ಕೋರ್ಟಿಗೆ ಎಳೀತ್ರು ಅಂತ ಹೆದ್ರಿಕೆ. ಮನೇಲಿ ಹೆಂಡ್ತಿ ಅತ್ತು ಆಣೆ ಹಾಕ್ಸಿದ್ಲು" ಎಂದವನೇ ಜಗಲಿಯತ್ತ ಕೈಮುಗಿದು ಎತ್ತುಗಳನ್ನು ಹೊಡೆದ.

ಹಿಂತಿರುಗಿ, "ಅವ್ರಿಗೆ ಇಂದು ಅವಸರವಂತೆ" ಎಂದೆ.

"ನಂಗೆ ಕೇಳ್ತೋ. ಬಡವ್ರು, ಅವ್ರದ್ದೆಂತ ತಪ್ಪು" ಎಂದಳು ಗಂಗತ್ತೆ.

ವಾರ ಕಳೆದು ನಾನು ಮತ್ತೆ ಅವಳ ಮನೆಗೆ ಹೋದಾಗ ಜಗಲಿ ಬರಿದಾಗಿತ್ತು. ಅವಳು ಹಿತ್ತಲಲ್ಲಿ ಎಮ್ಮೆಯ ಬೆನ್ನು ಸವರುತ್ತ ನಿಂತಿದ್ದಳು. ಒಳ್ಳೆಯ ಮನೆಯವರು ಯಾರಾದರೂ ಇದನ್ನು ಕೊಂಡಾರೇ ಎಂದು ನನ್ನನ್ನು ಕೇಳಿದಳು.