ಆ ಮೊಣಕಾಲು ನನಗೆ ಗೊತ್ತಿತ್ತು

ಹೋದ ಶನಿವಾರ ಮಧ್ಯಾಹ್ನ ಟೀವಿಯಲ್ಲಿ ನಾನೊಂದು ಮೊಣಕಾಲಿನ ಗುರುತು ಹಿಡಿದೆ.

ಮುಖ ಕಾಣುತ್ತಿರಲಿಲ್ಲ. ತಲೆಗೆ ಹೆಲ್ಮೆಟ್, ಕಣ್ಣಿಗೆ ಅಂಗೈಯಗಲದ ಕನ್ನಡಕ, ಗಲ್ಲದವರೆಗೆ ಬಟ್ಟೆ. ಯುರೋಪಿನ ಹಿಮಪರ್ವತವೊಂದರ ನೆತ್ತಿಯಲ್ಲಿ ಒಂದು ಪುಟ್ಟ ಮರದ ಗೂಡು. ಅದರ ಬಾಗಿಲಲ್ಲಿ ಅಂತರರಾಷ್ಟ್ರೀಯ ಸ್ಕೀ ಚಾಂಪಿಯನ್‌ಷಿಪ್ಪಿನ ಸ್ಪರ್ಧಿಯೊಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ಭಾರವೆಲ್ಲ ಬಲಗಾಲಿನ ಮೇಲೆ. ಎಡ ಮೊಣಕಾಲು ಪೂರ್ತಿ ನೆಟ್ಟಗಿಲ್ಲ, ಒಂಚೂರು ಮಡಚಿಕೊಂಡೇ ಇದೆ. ಮುಷ್ಟಿ ಕಟ್ಟಿ ಅದರ ಪಕ್ಕಕ್ಕೆ ಎರಡು ಸಲ ಕುಟ್ಟಿದಳು.

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಎಂತಾಯ್ತು ಮಾರಾಯ್ತಿ?" ಅಂದರು ನನ್ನ ಗಂಡ ಹರೀಶ್.

"ಅದು ನನ್ನ ಪೇಶೆಂಟ್ ರೀ!"

"ಯಾವುದು?"

"ಆ ಮೊಣಕಾಲು!"

(ಹಳೆಯ ಓದುಗರಿಗೆ ಗೊತ್ತು, ನಾನು ಫಿಸಿಯೋಥೆರಪಿಸ್ಟ್. ನಾವು ಮದುವೆಮನೆಗೆ ಹೋದರೂ ಜನರ ಮುಖ ನೋಡುವುದಿಲ್ಲ, ನಡಿಗೆ ನೋಡುತ್ತೇವೆ. ಹೆಸರು ಮರೆಯುತ್ತೇವೆ, ಸೊಂಟ ಮರೆಯುವುದಿಲ್ಲ.)

ಅವಳನ್ನು ಲೀಸಾ ಅಂತ ಕರೆಯೋಣ. ನಿಜವಾದ ಹೆಸರು ಅದಲ್ಲ. ಈ ಬರಹದಲ್ಲಿ ಬರುವ ಪೇಶೆಂಟ್‌ಗಳ ಹೆಸರು ಬದಲಿಸಿದ್ದೇನೆ, ಬರೆಯಿರಿ ಎಂದು ಒಪ್ಪಿಗೆ ಕೊಟ್ಟವರು ಅವರೇ. ಲೀಸಾಗೆ ಇಪ್ಪತ್ತಮೂರು ವರ್ಷ. ಯುರೋಪಿನ ಒಂದು ಸಣ್ಣ ದೇಶದವಳು. ಅಪ್ಪ ಇಲ್ಲಿ ಬಹರೈನಿನಲ್ಲಿ ಎಣ್ಣೆ ಬಾವಿಗಳ ಎಂಜಿನಿಯರ್, ಮನೆ ಅವಾಲಿಯಲ್ಲಿ. ಹೋದ ವರ್ಷ ಪ್ರಾಕ್ಟೀಸ್ ಮಾಡುವಾಗ ಬಿದ್ದು ಎಡ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಳು. ಜುಲೈಯಲ್ಲಿ ಆಪರೇಷನ್ ಅವಳ ದೇಶದಲ್ಲೇ ಆಯಿತು. ಆಮೇಲೆ ಊರುಗೋಲು ಹಿಡಿದುಕೊಂಡು ಅಪ್ಪ ಅಮ್ಮನ ಹತ್ತಿರ ಬಂದಳು. ಉಮ್ ಅಲ್ ಹಸ್ಸಮ್‌ನ ನಮ್ಮ ಕ್ಲಿನಿಕ್ಕಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದಳು.

ಹೊರಗೆ ನಲವತ್ತೈದು ಡಿಗ್ರಿ. ಒಳಗೆ ಹಿಮದ ಮೇಲೆ ಜಾರುವ ಹುಡುಗಿ! ಮೊದಲ ದಿನ ನನಗೆ ನಗು ಬಂದಿತ್ತು. ಎರಡನೇ ದಿನ ಬರಲಿಲ್ಲ. ಹತ್ತು ಸಲ ಕಾಲೆತ್ತು ಅಂದರೆ ಹದಿನೈದು ಸಲ ಎತ್ತುವವಳು. ನೋವಾದರೆ ಕಣ್ಣು ಮುಚ್ಚುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ನಮ್ಮಲ್ಲೊಂದು ಪರೀಕ್ಷೆ ಇದೆ. ನೆಲಕ್ಕೆ ಟೇಪ್ ಅಂಟಿಸಿ ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು. ಬಲಗಾಲು ಎಷ್ಟು ದೂರ ಹೋಗುತ್ತದೋ ಎಡಗಾಲೂ ಹೆಚ್ಚುಕಡಿಮೆ ಅಷ್ಟೇ ಹೋಗಬೇಕು. ಜನವರಿ ಕೊನೆಗೆ ಅವಳ ಎಡಗಾಲು ಒಂದು ಗೇಣು ಹಿಂದೆ ಇತ್ತು. ನೆಲ ಮುಟ್ಟುವಾಗ ಮೊಣಕಾಲು ಒಳಕ್ಕೆ ವಾಲುತ್ತಿತ್ತು.

"ಇನ್ನೂ ಮೂರು ತಿಂಗಳು ಬೇಕು," ಅಂದೆ.

"ಗೊತ್ತು ವೀಣಾ. ಈ ಸಲ ಚಾಂಪಿಯನ್‌ಷಿಪ್ಪಿಗೆ ನಾನು ನೋಡೋಕೆ ಮಾತ್ರ ಹೋಗೋದು. ಫ್ರೆಂಡ್ಸ್‌ಗೆ ಚಪ್ಪಾಳೆ ಹೊಡೆಯೋಕೆ."

ರಿಪೋರ್ಟ್ ಬರೆದುಕೊಟ್ಟೆ. ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಟೈಪ್ ಮಾಡಿದ್ದೆ: ವೇಗದ ಸ್ಪರ್ಧೆಗೆ ಇನ್ನೂ ಸಿದ್ಧಳಾಗಿಲ್ಲ. ಅವಳು ಅದನ್ನು ಎರಡು ಸಲ ಓದಿ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಹೋಗುವಾಗ ನನ್ನನ್ನು ತಬ್ಬಿಕೊಂಡು, "ಶನಿವಾರ ಟೀವಿ ಹಾಕಿ. ಹಳದಿ ಟೋಪಿ ಹಾಕ್ಕೊಂಡು ಜನರ ಮಧ್ಯೆ ನಿಂತಿರ್ತೀನಿ," ಅಂದಳು.

ನಾನು ಬೆಪ್ಪುತಕ್ಕಡಿ. ಮಾಹೂಝ್‌ನ ನಮ್ಮ ಫ್ಲ್ಯಾಟಿನಲ್ಲಿ ತಟ್ಟೆ ಹಿಡಿದು ಕೂತು, ಅರ್ಧ ಗಂಟೆಯಿಂದ ಜನರ ಮಧ್ಯೆ ಹಳದಿ ಟೋಪಿ ಹುಡುಕುತ್ತಿದ್ದೆ!

ಪರದೆಯ ಕೆಳಗೆ ಹೆಸರು ಬಂತು. ಅವಳದೇ. ಬೀಪ್, ಬೀಪ್, ಬೀಪ್. ಹೊರಟೇಬಿಟ್ಟಳು.

ಡೌನ್‌ಹಿಲ್ ಅಂದರೇನು ಅಂತ ಲೀಸಾ ನನಗೆ ಹೇಳಿಕೊಟ್ಟಿದ್ದಳು. ಪರ್ವತದ ತುದಿಯಿಂದ ಬುಡಕ್ಕೆ ಎರಡು ನಿಮಿಷದೊಳಗೆ ಇಳಿಯಬೇಕು. ಮಧ್ಯೆ ನೆಟ್ಟ ಬಾವುಟಗಳ ನಡುವೆಯೇ ಹಾದುಹೋಗಬೇಕು. ಇಲ್ಲಿನ ಹೈವೇಯಲ್ಲಿ ಕಾರು ಆ ಸ್ಪೀಡಿಗೆ ಹೋದರೆ ಕ್ಯಾಮೆರಾ ಫೋಟೊ ಹೊಡೆಯುತ್ತದೆ. ಇವರು ಎರಡು ಪಟ್ಟಿಗಳ ಮೇಲೆ ನಿಂತು ಹೋಗುತ್ತಾರೆ. ಹಿಮ ಅಂದರೆ ಹತ್ತಿಯಂತೆ ಮೆತ್ತಗಿರುತ್ತದೆ ಅಂದುಕೊಂಡಿದ್ದೆ. ಅಲ್ಲವಂತೆ. ರೇಸಿಗೆಂದು ಅದಕ್ಕೆ ನೀರು ಹಾಕಿ ಗಟ್ಟಿ ಮಂಜುಗಡ್ಡೆ ಮಾಡುತ್ತಾರಂತೆ. ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ?

ಬಲಕ್ಕೆ ತಿರುಗುವಾಗ ಮೈಭಾರವೆಲ್ಲ ಎಡಗಾಲಿಗೆ ಬೀಳುತ್ತದೆ. ಹಾಗಾಗಿ ನಾನು ಬಲ ತಿರುವುಗಳನ್ನು ಮಾತ್ರ ಎಣಿಸುತ್ತಿದ್ದೆ. ಒಂದು. ಎರಡು. ಮೂರು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಎಂಜಲು ಕೈಯಲ್ಲೇ ಸೋಫಾ ಹಿಡಿದುಕೊಂಡಿದ್ದೆ.

ನಾಲ್ಕನೆಯದರ ಮುಂಚೆ ಒಂದು ದಿಬ್ಬ. ಅವಳು ಗಾಳಿಯಲ್ಲಿ ಹಾರಿದಳು. ಕೆಳಗಿಳಿದಾಗ ಎಡ ಮೊಣಕಾಲು ಒಳಕ್ಕೆ ವಾಲಿತು. ಥೇಟ್ ನಮ್ಮ ಕ್ಲಿನಿಕ್ಕಿನ ನೆಲದ ಮೇಲೆ ವಾಲುತ್ತಿದ್ದ ಹಾಗೆ! ಎಡಗಾಲಿನ ಸ್ಕೀ ದೂರ ಸರಿಯಿತು, ಕೈ ನೆಲಕ್ಕೆ ತಾಗಿತು, ಹಿಮದ ಪುಡಿ ಹಾರಿ ಏನೂ ಕಾಣದಾಯಿತು.

"ಹೋಯ್ತು," ಅಂದರು ಹರೀಶ್.

ಹೋಗಲಿಲ್ಲ. ಪುಡಿಯೊಳಗಿಂದ ಅವಳು ಹೊರಗೆ ಬಂದಳು. ಒಂದೇ ಕಾಲಿನ ಮೇಲೆ, ವಾಲಿಕೊಂಡು, ಮತ್ತೆ ನೆಟ್ಟಗಾಗಿ. ಕೊನೆಯ ಗೆರೆ ದಾಟಿದಳು. ಇಪ್ಪತ್ತೇಳನೇ ಸ್ಥಾನ. ಗುಂಪು ಕೂಗಿತು. ಕನ್ನಡಕ ತೆಗೆದು ಕ್ಯಾಮೆರಾಕ್ಕೆ ನಕ್ಕಳು.

ಹರೀಶ್ ಚಪ್ಪಾಳೆ ಹೊಡೆದರು. "ಏನೂ ಆಗ್ಲಿಲ್ಲ ಅಲ್ವಾ! ನೀನು ಸುಮ್ನೆ ಹೆದರಿದ್ದು. ಎಂತ ಗಟ್ಟಿಗಿತ್ತಿ ನೋಡು ಹುಡುಗಿ!"

ಬಿದ್ದಿದ್ದರೆ ಹುಚ್ಚಿ. ಬೀಳಲಿಲ್ಲ, ಆದ್ದರಿಂದ ಗಟ್ಟಿಗಿತ್ತಿ. ಎರಡಕ್ಕೂ ನಡುವೆ ಇದ್ದದ್ದು ಒಂದು ಹಿಡಿ ಹಿಮದ ಪುಡಿ ಮಾತ್ರ. ಹಾಗಾದರೆ ನಾನು ಆರು ತಿಂಗಳು ಮಾಡಿದ ಕೆಲಸ ಏನು? ಟೇಪ್ ಅಂಟಿಸಿದ್ದಾ?

ಫೋನ್ ಬಡಿದುಕೊಂಡಿತು. ಅವಾಲಿಯಿಂದ ಲೀಸಾಳ ಅಮ್ಮ. ಹಲೋ ಕೂಡ ಇಲ್ಲ. "ವೀಣಾ, ನೀವು ಹೂಂ ಅಂದ್ರಾ?"

"ಇಲ್ಲ! ನೀವು?"

ಆ ಕಡೆಯಿಂದ ಅಳು. ಅವರೂ ಅಪ್ಪನೂ ಟೀವಿ ಮುಂದೆ ಹಳದಿ ಟೋಪಿಯನ್ನೇ ಹುಡುಕುತ್ತಿದ್ದರಂತೆ.

ಸಂಜೆ ಐದೂವರೆಗೆ ಲೀಸಾಳೇ ಫೋನ್ ಮಾಡಿದಳು. ದನಿಯಲ್ಲಿ ಹುರುಪು.

"ನೋಡಿದ್ರಾ? ಗೆರೆ ದಾಟಿದೆ!"

"ನಿಮ್ಮ ಟೀಮ್ ಡಾಕ್ಟರ್ ಹೇಗೆ ಒಪ್ಪಿದ್ರು?"

"ಕೂತು ಎದ್ದು ತೋರಿಸು ಅಂದ್ರು, ತೋರಿಸಿದೆ. ನೋವಿದ್ಯಾ ಅಂದ್ರು, ಇಲ್ಲ ಅಂದೆ."

"ನನ್ನ ರಿಪೋರ್ಟ್?"

"ಬ್ಯಾಗಲ್ಲಿದೆ. ಯಾರೂ ಕೇಳ್ಲಿಲ್ಲ."

ಅವಳ ಮಾತಿನಲ್ಲಿ ನಾಚಿಕೆ ಇರಲಿಲ್ಲ. ಸಣ್ಣ ದೇಶ, ಡೌನ್‌ಹಿಲ್ ಇಳಿಯುವ ಹುಡುಗಿಯರು ಇಬ್ಬರೇ. ಒಬ್ಬಳಿಗೆ ಜ್ವರ. ಇವಳೂ ಇಲ್ಲ ಅಂದರೆ ಅಲ್ಲಿ ಅವರ ದೇಶದ ಬಾವುಟವೇ ಇಲ್ಲ. ಅದಕ್ಕೆ ಇಳಿದೆ ಅಂದಳು. ಇನ್ನೂ ಏನೋ ಹೇಳಲಿಕ್ಕಿತ್ತು, ತಡೆದು ತಡೆದು ಹೇಳಿದಳು.

"ಮೊಣಕಾಲು ಊದಿದೆ. ಐಸ್ ಎಷ್ಟು ಹೊತ್ತು ಇಡಲಿ? ಮಂಗಳವಾರ ಇನ್ನೊಂದು ರೇಸ್ ಇದೆ."

ಇಪ್ಪತ್ತೆರಡು ವರ್ಷದ ಸರ್ವಿಸ್ ನನ್ನದು. ಇಂಥ ಫೋನ್ ಬಂದದ್ದು ಅದೇ ಮೊದಲು. ಈ ಹುಡುಗಿ ನನಗೆ ಫೋನ್ ಮಾಡಿದ್ದು ತಪ್ಪು ಒಪ್ಪಿಕೊಳ್ಳುವುದಕ್ಕಲ್ಲ, ಇನ್ನೊಮ್ಮೆ ಇಳಿಯುವುದಕ್ಕೆ ಸಹಾಯ ಕೇಳುವುದಕ್ಕೆ!

"ಐಸ್ ಇಪ್ಪತ್ತು ನಿಮಿಷ," ಅಂದೆ. "ಅದಕ್ಕೂ ಮೊದಲು ಆ ರಿಪೋರ್ಟ್ ತಗೊಂಡು ಡಾಕ್ಟರ್ ರೂಮಿನ ಬಾಗಿಲು ತಟ್ಟು. ನೀನು ತಟ್ಟದಿದ್ರೆ ನಾನೇ ಅವರಿಗೆ ಫೋನ್ ಮಾಡ್ತೀನಿ."

"ನೀವು ಹಾಗೆ ಮಾಡೋ ಹಾಗಿಲ್ಲ ವೀಣಾ." ದನಿ ತಣ್ಣಗಾಗಿತ್ತು. ಲೈನ್ ಕಟ್.

(ಅವಳು ಹೇಳಿದ್ದು ಸರಿ. ಪೇಶೆಂಟ್ ಬೇಡ ಅಂದಮೇಲೆ ಅವರ ವಿಷಯ ನಾವು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಸಿಟ್ಟಿನಲ್ಲಿ ರೂಲ್ಸ್ ಮರೆತುಹೋಯಿತು ಅಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೂ ಹೇಳಿದೆ.)

ಫೋನ್ ಮಾಡಲಿಲ್ಲ. ಮಾಡುವ ಸಂದರ್ಭ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಚಾ ಕುಡಿಯುತ್ತಿದ್ದಾಗ ಮೆಸೇಜ್ ಬಂತು. ರಿಪೋರ್ಟ್ ಕೊಟ್ಟಳಂತೆ. ಸ್ಕ್ಯಾನ್ ಆಯಿತಂತೆ. ಹೊಸ ಲಿಗಮೆಂಟ್ ಉಳಿದಿದೆ, ಪಕ್ಕದ ಮೆತ್ತೆಯಂಥ ಕಾರ್ಟಿಲೇಜ್ ಹರಿದಿದೆ. ಇನ್ನೊಂದು ಆಪರೇಷನ್. ಈ ವರ್ಷದ ಕಥೆ ಖಲಾಸ್. ಕೊನೆಗೆ ಒಂದು ಸಾಲು: "ನೀವೇ ಗೆದ್ರಿ."

ನಾನು ಗೆದ್ದದ್ದಾ? ಚಾ ತಣ್ಣಗಾಗಿತ್ತು. ಹಾಗೇ ಇಟ್ಟು ಕ್ಲಿನಿಕ್ಕಿಗೆ ಹೊರಟೆ.

ಈ ಕಥೆ ಇಲ್ಲಿಗೇ ಮುಗಿದಿದ್ದರೆ, ಆಟಗಾರರ ಹುಚ್ಚುತನದ ಬಗ್ಗೆ ಎರಡು ಮಾತು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಮುಗಿಯಲಿಲ್ಲ.

ಹತ್ತು ಗಂಟೆಗೆ ಯೋಗೀಶ ಬಂದ. ಕಾರ್ಕಳದ ಕಡೆಯವನು, ಬಹರೈನಿಗೆ ಬಂದು ಹದಿನಾಲ್ಕು ವರ್ಷ. ಸ್ಕಫೋಲ್ಡಿಂಗ್ ಕೆಲಸ, ಅಂದರೆ ಎದ್ದು ನಿಲ್ಲುತ್ತಿರುವ ಕಟ್ಟಡಕ್ಕೆ ಹೊರಗಿನಿಂದ ಪೈಪುಗಳ ಅಟ್ಟ ಕಟ್ಟುವುದು. ಮೂರು ವಾರದ ಹಿಂದೆ, ಬಲ ಭುಜ ಕೆಲಸಕ್ಕೆ ಸರಿಯಿದೆ ಎನ್ನುವ ಫಿಟ್‌ನೆಸ್ ಕಾಗದಕ್ಕೆ ಬಂದಿದ್ದ. ನೋವುಂಟಾ ಎಂದು ಕೇಳಿದ್ದೆ. ಇಲ್ಲ ಅಂದಿದ್ದ. ಕೈ ಮೇಲೆತ್ತು ಅಂದಿದ್ದೆ. ಎತ್ತಿದ್ದ. ಫಿಟ್ ಎಂದು ಬರೆದು ಸಹಿ ಹಾಕಿದ್ದೆ. ಅಷ್ಟೇ. ಎಲ್ಲ ಸೇರಿ ಐದು ನಿಮಿಷ.

ಈಗ ಒಬ್ಬನೇ ಬಂದಿದ್ದ, ರಜೆ ಹಾಕಿ. ಕುರ್ಚಿಯ ತುದಿಯಲ್ಲಿ ಕೂತ.

"ಗುರುವಾರ ಪೈಪು ಕೈಯಿಂದ ಜಾರಿತು ಮೇಡಂ. ಆರನೇ ಮಾಳಿಗೆಯಿಂದ."

ನಾನು ಪೆನ್ನು ಕೆಳಗಿಟ್ಟೆ. "ಕೆಳಗೆ?"

"ಯಾರೂ ಇರ್ಲಿಲ್ಲ. ಎಲ್ಲ ಚಾಕ್ಕೆ ಹೋಗಿದ್ರು. ದೇವರ ದಯೆ."

ಕೈ ಎತ್ತು ಅಂದೆ. ಎತ್ತಿದ. ಈ ಸಲ ನಾನು ಕೈಯನ್ನು ನೋಡಲಿಲ್ಲ, ಮುಖ ನೋಡಿದೆ. ಕಣ್ಣು ಮುಚ್ಚಿದ್ದ. ಬಾಯಿ ಬಿಗಿಹಿಡಿದಿದ್ದ. ಬೆನ್ನ ಹಿಂದೆ ಹೋಗಿ ಭುಜದ ಎಲುಬಿನ ಮೇಲೆ ಬೆರಳಿಟ್ಟೆ. ಭುಜ ಎತ್ತುತ್ತಿರಲಿಲ್ಲ, ಸೊಂಟ ವಾಲಿಸಿ ಕೈ ಮೇಲೆ ಹೋದ ಹಾಗೆ ಮಾಡುತ್ತಿದ್ದ. ಇಪ್ಪತ್ತೆರಡು ವರ್ಷದ ಸರ್ವಿಸಿನ ನನಗೆ ಇದು ಮೂರು ವಾರದ ಹಿಂದೆ ಕಾಣಲಿಲ್ಲವೇ? ಸಾವಿರಾರು ಮೈಲಿ ದೂರದ ಮೊಣಕಾಲನ್ನು ಟೀವಿಯಲ್ಲಿ ಗುರುತಿಸಿದವಳು ಕೈಯಳತೆಯಲ್ಲಿದ್ದ ಭುಜವನ್ನು ನೋಡಲಿಲ್ಲ!

ತಪ್ಪು ನನ್ನದು. ಆದರೂ ಸಿಟ್ಟು ಬಂದದ್ದು ಅವನ ಮೇಲೆ. "ನಾನು ಅವತ್ತು ಕೇಳಿದ್ದೆ ಅಲ್ವಾ ಯೋಗೀಶ? ಸ್ಪಷ್ಟವಾಗಿ ಕೇಳಿದ್ದೆ. ಯಾಕೆ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಲಿಲ್ಲ. ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದ, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

"ನೀವು ಕೇಳಿದ್ದು ಹೌದು ಮೇಡಂ. ಆದ್ರೆ ಫೋರ್‌ಮನ್ ಪಕ್ಕದಲ್ಲೇ ಕೂತಿದ್ದ ಅಲ್ಲ? ಅವನ ಎದುರು ಹೇಗೆ ಹೇಳ್ಲಿಕ್ಕೆ ಆಗ್ತದೆ?"

ನನಗೆ ಎಲ್ಲ ನೆನಪಾಯಿತು. ಹೌದು, ಕಂಪನಿಯ ಪಿಕಪ್ಪಿನಲ್ಲಿ ಅವನನ್ನು ಕರೆದುಕೊಂಡು ಬಂದ ಫೋರ್‌ಮನ್ ಬಾಗಿಲಲ್ಲಿ ನಿಂತಿದ್ದ. ಒಳಗೆ ಬನ್ನಿ ಅಂತ ಕರೆದು, ಅವನಿಗೆ ಕುರ್ಚಿ ಎಳೆದುಕೊಟ್ಟವಳು ನಾನೇ. ಮರ್ಯಾದೆಗೆ!

ಹಳೆಯ ಕಾಗದ ರದ್ದು ಮಾಡಿದೆ. ಎಂಟು ವಾರ ಎತ್ತರದ ಕೆಲಸ ಕೂಡದು ಎಂದು ಹೊಸದು ಬರೆದೆ. ಕಂಪನಿಗೆ ನಾನೇ ಮಾತಾಡಲಾ ಎಂದು ಈ ಸಲ ಮೊದಲು ಅವನನ್ನೇ ಕೇಳಿದೆ. ಯೋಚಿಸಿ, ಹೂಂ ಅಂದ. ಮಾತಾಡಿದೆ. ಸದ್ಯಕ್ಕೆ ಸ್ಟೋರಿನಲ್ಲಿ ಕೂರಿಸುತ್ತೇವೆ ಅಂದಿದ್ದಾರೆ. ಎಂಟು ವಾರ ನಿಜವಾಗಿ ಕೂರಿಸುತ್ತಾರಾ, ನೋಡಬೇಕು. ಆಮೇಲೆ ಕಪಾಟು ತೆಗೆದು ಕಳೆದ ಒಂದು ವರ್ಷದಲ್ಲಿ ನಾನು ಸಹಿ ಹಾಕಿದ ಫಿಟ್‌ನೆಸ್ ಕಾಗದಗಳ ಫೈಲನ್ನು ಮೇಜಿನ ಮೇಲಿಟ್ಟೆ. ಸಾಕಷ್ಟು ದಪ್ಪಗಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ, ಒಬ್ಬರೇ ಇರುವಾಗ ಬನ್ನಿ ಅಂತ. ಇವತ್ತಿನವರೆಗೆ ನಾಲ್ಕು ಜನ ಬಂದಿದ್ದಾರೆ. ಮೂವರಿಗೆ ನೋವಿತ್ತು.

ನೀವು ಕೊನೆಯ ಸಲ ಯಾರನ್ನಾದರೂ "ಏನೂ ತೊಂದರೆ ಇಲ್ಲ ಅಲ್ವಾ?" ಎಂದು ಕೇಳಿದಾಗ, ಪಕ್ಕದಲ್ಲಿ ಯಾರು ಕೂತಿದ್ದರು?