ಕಾಕು ಹೊಲಿದ ಕೌದಿಗಳು

ಮೊನ್ನೆ ಹಳೆಯ ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ವಾಡಿಯ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು... ಅವರ ಪಡಸಾಲೆಯ ತುಂಬ ಇದೇ ವಾಸನೆ. ಯಾರ್ಯಾರದೋ ಟ್ರಂಕುಗಳಿಂದ ಬಂದ ಹಳೆಯ ಸೀರೆಗಳದು.

ನಾನು ಮದುವೆಯಾಗಿ ವಾಡಿಗೆ ಬಂದ ಹೊಸತು. ಗಂಡನನ್ನು ಕಳೆದುಕೊಂಡು ಒಬ್ಬರೇ ಇದ್ದ ಕಾಕು ಮಧ್ಯಾಹ್ನ ಉಂಡವರೇ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯಲು ಕೂರುತ್ತಿದ್ದರು. ಮಾರುತ್ತಿರಲಿಲ್ಲ. ಯಾರಿಗೆಂದು ಕೇಳಿದರೆ "ಹೊಚ್ಕೊಳ್ಳೋರಿಗಿ" ಎಂದು ನಗುವರು. ಚಳಿ ಶುರುವಾದರೆ ಗಂಟು ಕಟ್ಟಿಕೊಂಡು ಎಲ್ಲಿಗೋ ಹೊರಟುಬಿಡುವರು. ಒಂದು ಸಲ ತಡೆಯಲಾರದೆ ನಾನೂ ಬೆನ್ನು ಹತ್ತಿದೆ.

ಹೋದದ್ದು ರಾವೂರ ಕಡೆಯ ನೆಲಕ್ಕೆ ಹಾಸುವ ಪರಸಿಕಲ್ಲಿನ ಗಣಿಗೆ. ಅಲ್ಲಿಯ ಗುಡಿಸಲೊಂದರಲ್ಲಿ ಬಾಣಂತಿಯೊಬ್ಬಳು ಕೂಸನ್ನು ಗೋಣಿತಾಟಿನ ಮೇಲೆ ಮಲಗಿಸಿದ್ದಳು. ಕಾಕು ಕೌದಿ ಮುಂದೆ ಮಾಡಿದರೆ ಅವಳು ಮುಟ್ಟಲಿಲ್ಲ.

"ದಾನದ್ದು ನಮಗ ಬ್ಯಾಡ್ರಿ ಯವ್ವಾ. ದುಡದು ತಿನ್ನೋರು ನಾವು."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕಾಕು ಮಾತ್ರ ಅಲ್ಲೇ ನೆಲದ ಮೇಲೆ ಕುಳಿತು ಕುಡಿಯಲು ನೀರು ಕೇಳಿದರು. ಹೆರಿಗೆ ಹೇಗಾಯಿತು, ತವರು ಯಾವುದು ಎಂದು ವಿಚಾರಿಸಿದರು. ಚಿಂಚೋಳಿ ಕಡೆಯವಳಂತೆ. ಹಗ್ಗದ ಮೇಲೆ ಹರಿದ ಹಸಿರು ಸೀರೆಯೊಂದು ಇತ್ತು. ತೀರಿಹೋದ ತಾಯಿಯದು, ಉಡಲು ಬರುವುದಿಲ್ಲ, ಎಸೆಯಲು ಮನಸ್ಸಿಲ್ಲ ಎಂದಳು.

"ಅದನ್ನ ಕೊಡು, ಕೌದಿ ಹೊಲದು ತರ್ತೀನಿ," ಎಂದರು ಕಾಕು. "ನಿನ್ನ ಮೈ ಗಟ್ಟಿ ಆದಮ್ಯಾಲ ನನಗೊಂದು ರೊಟ್ಟಿ ಬಡದು ಹಾಕು. ಕೂಲಿ ಮುಟ್ಟಿತು."

ಅವಳು ಕೂಸಿನ ಕೆಳಗಿನ ಗೋಣಿತಾಟನ್ನು ಸರಿಮಾಡಿದಳು. ಆಮೇಲೆ ಎದ್ದು ಸೀರೆಯನ್ನು ಮಡಚಿ ಕೊಟ್ಟಳು.

ಕಾಕು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಹೊಲಿದರು. ಒಳಗೆ ಬೇರೆಯವರ ಸೀರೆಗಳು, ಮೇಲೆ ಆ ಹಸಿರು ಸೀರೆ. ತಂದುಕೊಟ್ಟಾಗ ಅವಳು ಅದನ್ನು ಮುಖಕ್ಕೆ ಒತ್ತಿಕೊಂಡಳು. ನಂತರ ಕೂಸನ್ನು ಅದರ ಮೇಲೆ ಮಲಗಿಸಿದಳು. ಮುಂದೊಂದು ಸಂತೆಯ ದಿನ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಗಳೊಂದಿಗೆ ವಾಡಿಗೇ ಬಂದಳು. ಕಾಕು ಅವಳ ಎದುರಿಗೇ ಕುಳಿತು ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ಉಂಡರು. ಅಷ್ಟು ರುಚಿಯಿಂದ ಅವರು ಉಂಡದ್ದನ್ನು ನಾನು ಮತ್ತೆ ಕಾಣಲಿಲ್ಲ...

ಆಮೇಲೆ ನಾವು ಕಲಬುರಗಿಗೆ ಬಂದೆವು. ಹೋದ ವರ್ಷ ಕಾಕು ತೀರಿಕೊಂಡ ಸುದ್ದಿ ತಿಳಿದು ಹೋದಾಗ, ನೆನಪಿಗೆಂದು ಅವರದೊಂದು ಸೀರೆ ಕೊಡಲು ಅವರ ಅಣ್ಣನ ಮಗಳನ್ನು ಕೇಳಿದೆ. ಅವಳು ಬರಿದಾದ ಕಪಾಟು ತೆರೆದು ತೋರಿಸಿದಳು.

"ಉಟ್ಟಿದ್ದೊಂದು, ಒಗದು ಹಾಕಿದ್ದೊಂದು, ಎರಡೇ ಇದ್ದವ್ರಿ. ಅವೂ ಅತ್ತಿ ಜೋಡಿನೇ ಹೋದವು. ಉಳದಾವೆಲ್ಲ ಕೌದಿಗಿ ಹಾಕ್ಯಾಳ."

ಕಾಕುವಿನ ಮದುವೆಯ ಸೀರೆಯೂ ಹಾಗೆಯೇ ಹೋಯಿತೇ? ಯಾವ ಕೌದಿಯ ಎಷ್ಟನೆಯ ಪದರದಲ್ಲಿದೆ? ಕೇಳೋಣವೆಂದರೆ ಕಾಕು ಇಲ್ಲ. ಈ ಚಳಿಯಲ್ಲಿ ಅದನ್ನು ಹೊದ್ದು ಮಲಗಿದವರಿಗೂ ಅದು ಯಾರದೆಂದು ಗೊತ್ತಿರಲಾರದು.