ಇಲ್ಲದ ಕಾಯಿಲೆಗೆ ಹೊತ್ತ ಹರಕೆ

ಸವಳಂಗದ ಹುಡುಗನ್ನ ಮದುವೆ ಆಗ್ತೀನಿ ಅಂದಾಗ ನಮ್ಮವ್ವ ಮೊದಲು ಮಾಡಿದ ಕೆಲಸ ದೇವರ ಮುಂದೆ ದೀಪ ಹಚ್ಚಿದ್ದು. ಆಮೇಲೆ ಹರಕೆ ತೀರಿಸಬೇಕು ಅಂದಳು. ಯಾವ ಹರಕೆ ಅಂತ ಕೇಳಿದೆ. "ನಿಂಗೆ ವಾಸಿ ಆದ್ರೆ ಮನೆದೇವ್ರಿಗೆ ಬೆಳ್ಳಿ ಒಪ್ಪಿಸ್ತೀನಿ ಅಂದಿದ್ದೆ ಕಣೇ." ನನ್ನ ಮೈಯೆಲ್ಲ ಉರಿದುಹೋಯ್ತು.

ವಾಸಿ ಆಗಾಕೆ ನನಗೇನಾಗಿತ್ತು? ಚನ್ನಗಿರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಗ ಜಗಳೂರಿನ ಹುಡುಗಿಯೊಬ್ಬಳು ನನ್ನ ಜೊತೆ ರೂಮಲ್ಲಿದ್ದಳು. ನಾವಿಬ್ಬರೂ ಪ್ರೀತಿಸಿದ್ವಿ. ಬರೀ ಗೆಳತಿಯರ ಹಂಗಲ್ಲ, ಗಂಡ ಹೆಂಡತಿ ಹಂಗೆ. ಅದು ಅವ್ವನ ಕಿವಿಗೆ ಬಿದ್ದಾಗಲೇ ಈ ಹರಕೆ ಹೊತ್ತಿದ್ದಳು. ಆಮೇಲೆ ಜಗಳ ಆಡಿ ಬೇರೆಯಾದ್ವಿ, ಎಲ್ಲರೂ ಆಗ್ತಾರಲ್ಲ ಹಂಗೇ. ಎಷ್ಟೋ ದಿನದ ಮೇಲೆ ಈ ಸವಳಂಗದವನು ಸಿಕ್ಕ. ಇವನಿಗೆ ಒಂದೂ ಮುಚ್ಚಿಡಲಿಲ್ಲ. "ನಿಂಗೆ ಹೆಣ್ಣೂ ಇಷ್ಟ ಆಗ್ತಾರೆ, ಗಂಡೂ ಇಷ್ಟ ಆಗ್ತಾರೆ. ಈಗ ನಾನು ತಾನೆ?" ಅಂದ. ನೀನೇ ಅಂದೆ. ಟೀ ತರಿಸಿದ.

ಅವ್ವನ ತಲೆಗೆ ಮಾತ್ರ ಇದು ಇಳೀಲೇ ಇಲ್ಲ. ಮೊದಲು ದಾರಿ ತಪ್ಪಿದ್ದೆ, ಈಗ ಸರಿಹೋದೆ, ಇಷ್ಟೇ ಅವಳ ನಂಬಿಕೆ. ನನ್ನಂಥೋರಿಗೆ ಪುಸ್ತಕದಾಗೆ ದ್ವಿಲಿಂಗಿ ಅಂತಾರೆ, ಫೋನಿನಾಗೆ ಬೈಸೆಕ್ಷುವಲ್ ಅಂತಾರೆ. ನಾನು ಅವ್ವಂಗೆ ಹೇಳಿದ್ದು ಇಷ್ಟು: "ಅವಳನ್ನ ಪ್ರೀತಿಸಿದ್ದೂ ನಿಜ, ಇವನನ್ನ ಪ್ರೀತಿಸೋದೂ ನಿಜ. ಇವನು ಬಂದ ಅಂತ ಅದು ಸುಳ್ಳಾಗಲ್ಲ. ನೀನು ಹರಕೆ ತೀರಿಸಿದ್ರೆ ಅವಳನ್ನ ರೋಗ ಅಂದಂಗೆ. ಹಂಗೆ ಅನ್ನಿಸಿಕೊಂಡು ನಾನು ಹಸೆಮಣೆ ಏರಲ್ಲ." ಅವ್ವ ನನ್ನ ಜೊತೆ ಮಾತು ಬಿಟ್ಟಳು. ದೇವರ ಸಿಟ್ಟಿಗೆ ಹೆದರಿದ್ದಳು, ಪಾಪ. ನಾನೂ ಬಗ್ಗೋಳಲ್ಲ.

ಒಂದು ದಿನ ನಮ್ಮೂರು ನ್ಯಾಮತಿಯಿಂದ ಹೊನ್ನಾಳಿಯ ಬೆಳ್ಳಿ ಅಂಗಡಿಗೆ ಹೊರಟೇಬಿಟ್ಟಳು. ನಾನು ಬಿಡ್ತೀನಾ? ಅದೇ ಬಸ್ಸು ಹತ್ತಿದೆ. ಅಂಗಡಿಯವರು ಹರಕೆ ಸಾಮಾನಿನ ತಟ್ಟೆ ತಂದಿಟ್ಟರು. ಕಣ್ಣುಬೇನೆ ಇದ್ದೋರಿಗೆ ಬೆಳ್ಳಿ ಕಣ್ಣು, ಕಾಲು ಮುರಿದೋರಿಗೆ ಬೆಳ್ಳಿ ಕಾಲು, ಕೈಗೆ ಕೈ.

"ಯಾರಿಗ್ರೀ ಹುಷಾರಿರಲಿಲ್ಲ?"

"ಮಗಳಿಗೆ."

"ಏನಾಗಿತ್ರೀ?"

ಅವ್ವ ಬೆಳ್ಳಿ ಕಣ್ಣು ಎತ್ತಿಕೊಂಡಳು. ಕೆಳಗಿಟ್ಟಳು. ಕೈ ಎತ್ತಿಕೊಂಡಳು, ಅದನ್ನೂ ಇಟ್ಟಳು. ನಾನು ಮೆಲ್ಲಗೆ ಅಂದೆ: "ಅವಳನ್ನ ನೋಡಿದ್ದೂ ಇದೇ ಕಣ್ಣಲ್ಲಿ, ಇವನನ್ನ ನೋಡಿದ್ದೂ ಇದೇ ಕಣ್ಣಲ್ಲಿ ಅವ್ವ. ಯಾವಾಗ ಕೆಟ್ಟಿತ್ತು, ನೀನೇ ಹೇಳು."

ಅವ್ವ ನನ್ನನ್ನ ತಲೆಯಿಂದ ಕಾಲವರೆಗೂ ನೋಡಿದಳು, ಕೂಸಿದ್ದಾಗ ಎಣ್ಣೆ ಹಚ್ಚಿ ಎರೆಯಾಕೆ ಮುಂಚೆ ನೋಡ್ತಿದ್ದಳೇನೋ, ಹಂಗೆ. ಬಹಳ ಹೊತ್ತು ನೋಡಿದಳು. ಕೊನೆಗೆ ತಟ್ಟೇನ ಅಂಗಡಿಯವರ ಕಡೆ ಸರಿಸಿದಳು.

"ನನ್ನ ಮಗಳಿಗೆ ಏನೂ ಆಗಿರಲಿಲ್ರಿ," ಅಂದಳು, ಅಂಗಡೀಲಿದ್ದೋರೆಲ್ಲ ತಿರುಗಿ ನೋಡೋ ಹಂಗೆ.

"ಮತ್ತೆ ಹರಕೆ?"

"ದೇವ್ರಿಗೆ ನಾನು ಹೇಳ್ಕೊಂತೀನಿ. ಮದುವೆ ಐತೆ, ಕಾಲುಂಗುರ ತೋರಿಸ್ರಿ."

ನಾನು ಗೆದ್ದಿದ್ದೆ. ಚಪ್ಪಲಿ ಬಿಟ್ಟು ಕಾಲು ಮುಂದಕ್ಕೆ ಚಾಚಿದೆ.